ಸಾಕಮ್ಮನವರು ತೆರೆದ ಕಿಟಕಿ

ಮಳವಳ್ಳಿಯ ವಕೀಲೆ ಸಾಕಮ್ಮನವರು ಜೈಲಿನಲ್ಲಿ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ನ್ಯಾಯಾಧೀಶರ ಜೊತೆ ತಪಾಸಣೆಗೆ ಹೋದಾಗಲೆಲ್ಲ ಜೈಲರ್ ಬೋರೇಗೌಡ ಕಾಫಿ, ಮದ್ದೂರು ವಡೆ ತರಿಸಿಡುತ್ತಿದ್ದ. "ಇವ್ನ ಉಪ್ಪು ತಿಂದ್ಮೇಲೆ ಇವ್ನ ಬಯ್ಯಕ್ಕೆ ನಾಲ್ಗೆ ಏಳ್ತದೇನ್ಲಾ?" ಎಂದು ಅವರ ಜೂನಿಯರ್ ಆದ ನನ್ನ ಕೈಯಿಂದಲೂ ತಟ್ಟೆ ಕಿತ್ತಿಡುತ್ತಿದ್ದರು. ಅವರು ಬೈದಷ್ಟು ನನ್ನ ಅವ್ವನೂ ನನ್ನನ್ನು ಬೈದಿಲ್ಲ. ಆದರೂ ಅವರೆಂದರೆ ನನಗೆ ಪ್ರಾಣ.

ಆ ಜೈಲಿನ ಹೆಸರು ಬರೆದು ಪೆನ್ನು ಹೊಲಸು ಮಾಡಿಕೊಳ್ಳಲಾರೆ. ಗಾಳಿಯಿಲ್ಲದ ಕೊಠಡಿಯಲ್ಲಿ ಜನರನ್ನು ಕುರಿಗಳಂತೆ ತುಂಬಿದ್ದರು. ಅವರಲ್ಲಿ ಹೊಳಲಿನ ಹುಡುಗ ಸಿದ್ದರಾಜುವೂ ಒಬ್ಬ. ವಿಚಾರಣೆಯೇ ಶುರುವಾಗಿರಲಿಲ್ಲ, ಉಬ್ಬಸದಿಂದ ಗೋಡೆಗೊರಗಿ ಕೂತೇ ಇರುತ್ತಿದ್ದ. ಸಾಕಮ್ಮನವರು ಕಾದಾಡಿ, ಕೊಠಡಿಗೆ ಕಿಟಕಿ ಇಡಿಸಬೇಕೆಂಬ ಕೋರ್ಟಿನ ಆದೇಶ ತಂದರು.

ಮುಂದಿನ ತಪಾಸಣೆಯಲ್ಲಿ ಹಸಿರು ಬಣ್ಣದ ಹೊಸ ಕಿಟಕಿ ಇತ್ತು, ಮುಚ್ಚಿತ್ತು. "ಸೊಳ್ಳೆ ಬತ್ತವೆ ಅಂತ ಮುಚ್ಸಿವ್ನಿ ಸ್ವಾಮಿ" ಎಂದ ಬೋರೇಗೌಡ. ನ್ಯಾಯಾಧೀಶರು ತಲೆಯಾಡಿಸಿ ಮುಂದೆ ನಡೆದರು. ಸಾಕಮ್ಮನವರು ಹೋಗಿ ಚಿಲಕ ಎಳೆದರು. ಹಿಂದೆ ಇಟ್ಟಿಗೆ! ಆ ಪುಣ್ಯಾತ್ಮ ಗೋಡೆ ಒಡೆಯದೆ, ಗೋಡೆಯ ಮೇಲೇ ಕಿಟಕಿ ಜಡಿಸಿದ್ದ.

"ಥೂ ನಿನ್ ಮಕಕ್ಕೆ! ಉಸ್ರಾಡೋ ಗಾಳಿಗೂ ಬೀಗ ಆಕಿದ್ದೀಯೇನ್ಲಾ?"

"ಗೋಡೆ ಒಡುದ್ರೆ ಕೈದಿ ಓಡೋಯ್ತಾನೆ ಕಣಮ್ಮ. ಅವ್ನ ಬದ್ಲು ನೀವು ಬಂದು ಕೂತ್ಕತೀರಾ?"

"ಈಗ್ಲೇ ಕೂತ್ಕತೀನಿ. ಗಾರೆಯವ್ರ ಕರ್ಸು, ಒಡ್ಸು."

ಕೈದಿಗಳ ನಡುವೆ ನೆಲದ ಮೇಲೆ ಕೂತೇಬಿಟ್ಟರು. ನ್ಯಾಯಾಧೀಶರು ತಿರುಗಿ ಬಂದು ನೋಡಿ, ಕೆಂಡವಾಗಿ, ಅಲ್ಲೇ ನಿಂತು ಗೋಡೆ ಒಡೆಸಿದರು. ಸಿದ್ದರಾಜುವನ್ನು ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಅಷ್ಟರಲ್ಲಿ ತಡವಾಗಿತ್ತು, ಹುಡುಗ ಉಳಿಯಲಿಲ್ಲ. ಬೋರೇಗೌಡನಿಗೆ ಆದದ್ದು ಬರೀ ವರ್ಗಾವಣೆ. ನನ್ನ ಹೊಟ್ಟೆ ಇವತ್ತಿಗೂ ಉರಿಯುತ್ತದೆ. ಸಾಕಮ್ಮನವರು ಅವನ ಮೇಲೆ ಕೇಸು ಹಾಕಿ ತಾವು ಸಾಯುವವರೆಗೂ ನಡೆಸಿದರು.

ಅವರನ್ನು ಮಣ್ಣು ಮಾಡುವ ದಿನ ಬೋರೇಗೌಡ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಬಂದ. ಸಾವಿಗೆ ಹಗೆಯವರು ಬಂದರೂ ತಡೆಯಬಾರದೆನ್ನುತ್ತಾರೆ ನಮ್ಮ ಕಡೆ; ನಾವು ಹಲ್ಲು ಕಚ್ಚಿಕೊಂಡು ನಿಂತೆವು. ಅವನು ಗುಂಡಿಗೆ ಹಾಕಲು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಹೊಳಲಿನಿಂದ ಬಂದಿದ್ದ ಸಿದ್ದರಾಜುವಿನ ತಾಯಿ ನಿಂಗಮ್ಮ ಅವನ ಮಣಿಕಟ್ಟು ಹಿಡಿದಳು.

"ನನ್ ಮಗನ್ ಮ್ಯಾಲೆ ಆಕಿದ್ದೀಯಲ್ಲ, ಅಷ್ಟೇ ಸಾಕು. ಈ ತಾಯಿ ಮ್ಯಾಲೆ ಆಕ್ಬ್ಯಾಡ. ಓಗು."

ಅವನ ಮುಷ್ಟಿ ಸಡಿಲವಾಯಿತು. ಕೆಳಗೆ ಬಿದ್ದ ಮಣ್ಣನ್ನು ನಿಂಗಮ್ಮ ಕಾಲಲ್ಲಿ ಗುಂಡಿಯಿಂದ ದೂರ ತಳ್ಳಿದಳು.