ಆರಾಮ ಅಂದುಬಿಟ್ಟೆ

ನಮ್ಮ ಜೇವರ್ಗಿಯಲ್ಲಿ ಯಾರು ಎದುರಾದರೂ ಮೊದಲು ಕೇಳುವುದು 'ಆರಾಮ ಇದ್ದೀರಿಲ್ರಿ?' ಎಂದು. ಉತ್ತರವೂ ಒಂದೇ: 'ಆರಾಮ ನೋಡ್ರಿ.' ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡವರೂ ಹಾಗೇ ಹೇಳುತ್ತಾರೆ. ಈ ಒಂದು ಮಾತು ನನ್ನ ಎರಡು ವರ್ಷದ ಓಡಾಟವನ್ನೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಮಾಡಿಬಿಡುವುದರಲ್ಲಿತ್ತು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಾತೇ ನನ್ನ ಉದ್ಯೋಗ. ಮನೆಗೆ ಬಂದ ಮೇಲೂ ಅದೇ ಉದ್ಯೋಗ. ಅಂಥವಳ ಎಡಗೆನ್ನೆಯಲ್ಲಿ ನೋವು ಶುರುವಾಯಿತು. ಮಾತಾಡಲು ಬಾಯಿ ತೆರೆದರೆ, ಖಡಕ್ ರೊಟ್ಟಿ ಕಡಿದರೆ, ಬಸ್ಸಿನ ಕಿಟಕಿಯ ಗಾಳಿ ಸೋಕಿದರೆ ಸಾಕು, ಕರೆಂಟ್ ಹೊಡೆದಂತೆ ಛಳಕ್ ಎನ್ನುತ್ತಿತ್ತು. ಹಲ್ಲಿನದೇ ಎಂದು ನಾನೇ ತೀರ್ಮಾನಿಸಿ, ಹಟ ಹಿಡಿದು ಎರಡು ದವಡೆ ಹಲ್ಲು ಕೀಳಿಸಿಕೊಂಡೆ. ಹಲ್ಲು ಹೋದವು, ನೋವು ಹೋಗಲಿಲ್ಲ. ಮನೆಯಲ್ಲಿ ಸನ್ನೆಯಲ್ಲೇ ಸಂಸಾರ ನಡೆಯಿತು.

'ಹದಿನೈದು ದಿನ ಶಾಂತಿ ಅನಿಸ್ತು. ಆಮ್ಯಾಲ ಮನಿ ಭಣಭಣ ಅನ್ಲಿಕತ್ತು,' ಎಂದು ನಮ್ಮ ಯಜಮಾನರು ಒಪ್ಪಿಕೊಂಡರು. ಮಕ್ಕಳೆದುರು ಬಾಯಿ ಬಿಡಲಾಗದ ಮೇಲೆ ಕೆಲಸವೇಕೆ ಎಂದು ನಾನು ರಾಜೀನಾಮೆ ಪತ್ರ ಬರೆದು ಕಪಾಟಿನಲ್ಲಿಟ್ಟಿದ್ದೆ.

ಮೂರನೆಯ ಹಲ್ಲಿಗೆಂದು ಹೋದಾಗ ಹಲ್ಲಿನ ಡಾಕ್ಟರು ಇಕ್ಕಳ ಮುಟ್ಟಲೇ ಇಲ್ಲ. 'ಅಕ್ಕೋರ, ಈ ಹಲ್ಲು ಕಲ್ಲಿನಂಗ ಅದ. ಇದು ನರದ ಬ್ಯಾನಿ ಇರಬೇಕ್ರಿ. ಕಲಬುರಗಿಯೊಳಗ ನೋವಿನ ಡಾಕ್ಟರ್ ಅದಾರ, ಹೋಗ್ರಿ,' ಎಂದು ಚೀಟಿ ಬರೆದುಕೊಟ್ಟರು.

ನೋವಿಗೇ ಬೇರೆ ಡಾಕ್ಟರು! ಕಣ್ಣಿಗೆ, ಕಿವಿಗೆ, ಎಲುಬಿಗೆ ಇದ್ದದ್ದು ಗೊತ್ತಿತ್ತು. ಬರೀ ನೋವಿಗೆಂದೇ ಓದಿ ಬಂದವರಿದ್ದಾರೆಂದು ಯಾರೂ ಹೇಳಿರಲಿಲ್ಲ. ತವರಿಗೆ ಹೊರಟಷ್ಟು ಸಡಗರದಿಂದ ಇಳಕಲ್ ಸೀರೆ ಉಟ್ಟೆ. ಕೆನ್ನೆಗೆ ಶಾಲು ಸುತ್ತಿಕೊಂಡು, ಯಜಮಾನರ ಪಕ್ಕ ಕೂತು, ಹೇಳಬೇಕಾದುದನ್ನೆಲ್ಲ ಬಸ್ಸಿನಲ್ಲಿ ಮನಸ್ಸಿನೊಳಗೇ ಬಾಯಿಪಾಠ ಮಾಡಿದೆ.

ದವಾಖಾನೆಯ ಒಳಗೆ ಕಾಲಿಡುತ್ತಲೇ ನೋವಿನ ಡಾಕ್ಟರು ತಲೆಯೆತ್ತಿ, 'ಬರ್ರಿ ಮೇಡಂ, ಹ್ಯಾಂಗಿದ್ದೀರಿ?' ಎಂದರು.

'ಆರಾಮ ಇದ್ದೇನ್ರಿ!'

ಅವರ ಪೆನ್ನು ನಿಂತಿತು. ಯಜಮಾನರು ಹಣೆ ಬಡಿದುಕೊಂಡರು. ಮಾತು ತಿದ್ದಲು ಬಾಯಿ ತೆರೆದೆನೋ ಇಲ್ಲವೋ, ಛಳಕ್! ಮೇಜಿನ ಅಂಚು ಹಿಡಿದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಡಾಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು.

'ನೋಡ್ದೆರಿ ನಿಮ್ಮ ಆರಾಮ,' ಎಂದರು.

ಹತ್ತಿಯಿಂದ ಕೆನ್ನೆ ಸವರಿ ನೋಡಿದರು, ಸ್ಕ್ಯಾನ್ ಮಾಡಿಸಿದರು. ಮುಖದ ನರದ್ದೇ ನೋವು ಎಂದರು. ಎರಡು ವರ್ಷ ಹೆಸರಿಲ್ಲದೆ ಕಾಡಿದ್ದಕ್ಕೆ ಕೊನೆಗೂ ಒಂದು ಹೆಸರು ಸಿಕ್ಕಿತು! ಅಲ್ಲೇ ಕುಣಿಯುವಷ್ಟು ಖುಷಿಯಾಯಿತು ನನಗೆ.

'ಪೂರಾ ಹೋಗ್ತದಂತ ಹೇಳಂಗಿಲ್ಲ. ಹತೋಟಿಗೆ ತರೋಣು. ಆದ್ರ ನನ್ನ ಮುಂದ ಆರಾಮ ಅನಬ್ಯಾಡ್ರಿ. ಎಷ್ಟದ, ಯಾವಾಗ ಬರ್ತದ, ಖರೆ ಹೇಳ್ರಿ. ಗುಳಿಗಿ ಎಷ್ಟು ಕೊಡಬೇಕನ್ನೋದು ಅದರ ಮ್ಯಾಲ ಅದ.'

ಮರುತಿಂಗಳು ಹೋದಾಗ ಖರೆಯನ್ನೇ ಹೇಳಿದೆ, ಉಸಿರು ಬಿಡದೆ ಹತ್ತು ನಿಮಿಷ. ಬೆಳಗ್ಗೆ ಒಮ್ಮೊಮ್ಮೆ ಬರುತ್ತದೆ, ಐದು ದಿನ ಬಂದೇ ಇಲ್ಲ, ಮಗ್ಗಿಯನ್ನು ಪೂರ್ತಿ ಹೇಳಿಕೊಟ್ಟೆ, ರಾಜೀನಾಮೆ ಪತ್ರ ಹರಿದುಹಾಕಿದೆ. ಡಾಕ್ಟರು ನಗುತ್ತ ಬರೆದುಕೊಂಡರು.

ವಾಪಸು ಬರುವಾಗ ಭೀಮೆಯ ಸೇತುವೆಯ ಮೇಲೆ ಬಸ್ಸಿನ ಗಾಜು ಸರಿಸಿದೆ. ಗಾಳಿ ಎಡಗೆನ್ನೆಗೇ ಬಡಿಯಿತು. 'ಏನೂ ಆಗಲಿಲ್ಲ ನೋಡ್ರಿ!' ಎಂದು ಕೂಗಿದ್ದಕ್ಕೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಅದೇ ಉಮೇದಿನಲ್ಲಿ ಪಕ್ಕದಲ್ಲಿದ್ದ ಯಜಮಾನರನ್ನು ಕೇಳಿದೆ, 'ನೀವು ಹ್ಯಾಂಗಿದ್ದೀರಿ?'

'ಆರಾಮ.'

ನಾನು ಡಾಕ್ಟರಂತೆ ಅವರ ಮುಖವನ್ನೇ ನೋಡಿದೆ. 'ಖರೆ ಹೇಳ್ರಿ.'

ಅವರ ಕೈ ತಾನಾಗಿ ಮೊಣಕಾಲಿಗೆ ಹೋಯಿತು. 'ಮೆಟ್ಟಲ ಇಳಿಯಾಗ ಭಾಳ ಹಿಡೀತದ. ವರ್ಷಾತು. ನಿನ್ನ ಬ್ಯಾನಿ ಮುಂದ ನಂದೇನು ಹೇಳೋದಂತ ಸುಮ್ಮನಿದ್ದೆ.'

ಜೇವರ್ಗಿ ಬರುವವರೆಗೂ ಅವರೇ ಮಾತಾಡಿದರು. ಎರಡು ವರ್ಷದ ಮೇಲೆ ಮಾತು ಮರಳಿ ಸಿಕ್ಕಿದ್ದ ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.