ಕೆಳಗದ್ದೆ ಅಜ್ಜಿ ನಡೆದ ಬದು

ಅಜ್ಜಿಯ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಹವಾಸವೇ ಬೇಡವೆಂದು ಪಕ್ಕಕ್ಕೆ ಸರಿದು ನಿಂತಿತ್ತು. ಅದಕ್ಕೆ ಉಗುರಿರಲಿಲ್ಲ. ನಾನು ಅವಳ ಮುಖಕ್ಕಿಂತ ಮೊದಲು ನೋಡಿದ್ದು ಆ ಬೆರಳನ್ನು. ನಮ್ಮ ಗದ್ದೆಯ ಬದುವಿನ ಮೇಲೆ ನಿಂತು, ಹುಲ್ಲಿನೊಳಗೆ ಅದನ್ನು ತೂರಿಸಿ ಏನನ್ನೋ ಹುಡುಕುತ್ತಿದ್ದಳು.

ಮಗಳ ಉಬ್ಬಸಕ್ಕೆ ಬೆಂಗಳೂರಿನ ಗಾಳಿಯೇ ಕಾರಣವೆಂದು ಡಾಕ್ಟರು ಹೇಳಿದ ಮೇಲೆ ನಾವು ಬಾಡಿಗೆ ಮನೆ ಬಿಟ್ಟು ಹುಲ್ಲಹಳ್ಳಿ ಹತ್ತಿರ ನಾಲೆ ಬದಿಯಲ್ಲಿ ಎರಡೆಕರೆ ಕೊಂಡೆವು. ನಾನು ಸ್ಕೂಲಿನ ಟೀಚರ್ ಕೆಲಸ ಬಿಟ್ಟೆ, ನನ್ನ ಗಂಡ ಕಚೇರಿ ಬಿಟ್ಟರು. ನಾಲ್ಕು ವಿಡಿಯೊ ನೋಡಿ ಬೇಸಾಯ ಕಲಿತೆವೆಂದು ಬೀಗುತ್ತಿದ್ದ ಕಾಲ ಅದು. ನಾಟಿ ಮುಗಿದ ವಾರಕ್ಕೆ ತೊಂದರೆ ಶುರುವಾಯಿತು. ಸಂಜೆ ಗದ್ದೆ ತುಂಬ ನೀರು ಕಟ್ಟಿದರೆ ಬೆಳಿಗ್ಗೆಗೆ ಕೆಸರು ಮಾತ್ರ ಉಳಿಯುತ್ತಿತ್ತು. ಯಾರೋ ಕದಿಯುತ್ತಿದ್ದಾರೆ ಎಂದು ನನ್ನ ಗಂಡ ತೀರ್ಮಾನಿಸಿಬಿಟ್ಟರು. ನಮ್ಮ ಗದ್ದೆಯಿಂದ ಕೆಳಗಿದ್ದದ್ದು ಅಜ್ಜಿಯ ಗದ್ದೆ ಒಂದೇ.

"ಅಜ್ಜಿ, ನಮ್ಮ ನೀರು ನಿಮ್ಮ ಗದ್ದೆಗೆ ಬರ್ತಿದೆಯಲ್ಲಾ?" ಎಂದು ಕೇಳಿಯೇಬಿಟ್ಟರು.

"ಬತ್ತಾ ಅದೆ. ನಾನೇನ್ ಕರ್ದಿಲ್ಲ ಕಣಪ್ಪ, ಅದೇ ಬತ್ತಾ ಅದೆ" ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, "ಬಾ ಕೂಸೇ, ಕಳ್ಳನ್ನ ತೋರುಸ್ತೀನಿ" ಎಂದು ಕರೆದಳು.

ಹೆಬ್ಬೆರಳು ಒಂದು ಕಡೆ ನಿಂತಿತು. ಹುಲ್ಲು ಸರಿಸಿದರೆ ಬದುವಿನಲ್ಲಿ ಏಡಿ ಕೊರೆದ ಬಿಲ. ನೀರೆಲ್ಲ ಅದರೊಳಗಿಂದ ಹರಿದುಹೋಗುತ್ತಿತ್ತು. ಹಿಡಿ ಕೆಸರು ತುರುಕಿ, ಹಿಮ್ಮಡಿಯಿಂದ ಒತ್ತಿದಳು. "ಕಣ್ಗೆ ಕಾಣದ್ದು ಕಾಲ್ಗೆ ಸಿಕ್ತದೆ. ಚಪ್ಲಿ ಬುಟ್ಟು ನಡಿ" ಎಂದಳು. ನಾವಿಬ್ಬರೂ ಮಂಡಿಯುದ್ದದ ಬೂಟು ಹಾಕಿಕೊಂಡಿದ್ದೆವು. ನನಗೆ ನಾಚಿಕೆಯಾಯಿತು.

ಅಂದಿನಿಂದ ಅಜ್ಜಿ ದಿನಾ ಬೆಳಿಗ್ಗೆ ತನ್ನ ಗದ್ದೆಗೆ ಹೋಗುವಾಗ, ಹಸುವಿಗೆ ಹುಲ್ಲು ಹೊತ್ತು ಮರಳುವಾಗ, ನಮ್ಮ ಬದುವಿನ ಉದ್ದಕ್ಕೂ ಕಾಲಾಡಿಸುತ್ತಾ ಬಿಲ ಮುಚ್ಚುತ್ತಿದ್ದಳು. ನಾವು ಹೇಳಿರಲಿಲ್ಲ, ಅವಳು ಕೇಳಲೂ ಇಲ್ಲ. ಮಗಳನ್ನು ಕಂಡರೆ "ಏನ್ ಕೂಸಾ, ಉಸ್ರು ಎಂಗದೆ?" ಎನ್ನುತ್ತಿದ್ದಳು. ಉಸಿರು ಚೆನ್ನಾಗಿಯೇ ಇತ್ತು.

ಎರಡನೇ ವರ್ಷ ನಾವು ಹಾಕಿದ್ದ ನುಗ್ಗೆ, ಸೀಬೆ ಸಸಿಗಳನ್ನು ಯಾರದೋ ಆಡುಗಳು ಮೇಯ್ದವು. ಸುತ್ತಲೂ ತಂತಿ ಬೇಲಿ ಹಾಕಿಸಿದೆವು. ಬದುವಿನ ಎರಡು ತುದಿಗೂ ಗೇಟು, ಎರಡಕ್ಕೂ ಒಂದೇ ಕೀಯ ಬೀಗ. ಬೇಲಿ ಹಾಕುವ ದಿನ ಅಜ್ಜಿ ಬಂದು ನಿಂತಳು.

"ಬೇಲಿ ಒಳ್ಳೇದೆ ಕಣಪ್ಪ. ಆದ್ರೆ ಬದು ಯಾವತ್ತೂ ಕಾಲ್ದಾರಿ. ಯಾರೂ ಮುಚ್ಚಿರ್ನಿಲ್ಲ."

"ನಿಮಗೊಂದು ಕೀ ಕೊಡ್ತೀವಲ್ಲ ಅಜ್ಜಿ" ಎಂದರು ನನ್ನ ಗಂಡ. ನಾನೇ ಕೆಂಪು ದಾರ ಕಟ್ಟಿ ಬೀಗದ ಕೈ ಕೊಟ್ಟೆ. ಎಂಥ ಧಾರಾಳ ನಮ್ಮದು ಎಂದುಕೊಂಡಿದ್ದೆ, ಥೂ.

ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆದರೆ ಒಮ್ಮೆಯೂ ತಾನಾಗಿ ಬೀಗ ತೆಗೆಯಲಿಲ್ಲ. ಗೇಟಿನ ಹೊರಗೆ ನಿಂತು "ಕೂಸೇ" ಎಂದು ಕೂಗುತ್ತಿದ್ದಳು, ನಾನು ಓಡಿಹೋಗಿ ತೆಗೆಯುತ್ತಿದ್ದೆ. ಕೀ ಇದೆಯಲ್ಲ ಅಜ್ಜಿ ಎಂದು ಒಂದು ದಿನ ರೇಗಿದೆ.

"ಯಾರೂ ಇಲ್ದಿರೊ ಮನೆ ಬಾಗ್ಲ ತಗದಂಗಾಯ್ತದೆ ಕಣವ್ವ. ನಾಳಿಕೆ ಒಂದ್ ಕಾಯಿ ಕಾಣ್ದೆ ಓದ್ರೆ ನನ್ನೆಸ್ರು ಬರ್ತದೆ" ಎಂದಳು.

ಒಮ್ಮೆ ಕಳ್ಳತನದ ಮಾತು ಕೇಳಿಸಿಕೊಂಡವಳು. ನಾವು ಮರೆತಿದ್ದೆವು, ಅವಳು ಮರೆತಿರಲಿಲ್ಲ. ನಾವು ಮನೆಯಲ್ಲಿಲ್ಲದ ದಿನ ಅವಳು ನಾಲೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದಳೆಂಬುದು ನನಗೆ ಗೊತ್ತಿತ್ತು. ಮಳೆಗಾಲದಲ್ಲಿ ಆ ಏರಿ ಪಾಚಿ ಹಿಡಿದಿರುತ್ತದೆಂಬುದೂ ಗೊತ್ತಿತ್ತು. ಗೇಟು ತೆಗೆದಿಡೋಣ ಎಂದು ಗಂಡನಿಗೆ ಎರಡು ಸಲ ಹೇಳಿ ಸುಮ್ಮನಾದೆ. ಮೂರನೇ ಸಲ ಹೇಳಬಹುದಿತ್ತು.

ಶ್ರಾವಣದಲ್ಲಿ ನಾವು ಟಿ. ನರಸೀಪುರಕ್ಕೆ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದೆವು. ಗೇಟಿಗೆ ಬೀಗ ಹಾಕಿ, ಎಳೆದು ನೋಡಿ ಹೊರಟವಳು ನಾನೇ. ಊಟಕ್ಕೆ ಕೂತಿದ್ದಾಗ ಊರಿನ ಡೈರಿಯವರ ಫೋನು ಬಂತು. "ಅಕ್ಕಾ, ನಿಮ್ ಕೆಳಗದ್ದೆ ಅಜ್ಜಿ ನಾಲೆಗೆ ಬಿದ್ದೋಗವ್ಳೆ. ಏರಿ ಮೇಲೆ ಉಲ್ಲಿನ ಒರೆ ಮಾತ್ರ ಅದೆ."

ನಾವು ಬರುವಷ್ಟರಲ್ಲಿ ತೂಬಿನ ಹತ್ತಿರ ಮೇಲೆತ್ತಿ ಮಲಗಿಸಿದ್ದರು. ಆ ಹೆಬ್ಬೆರಳು ನೀರಿನಲ್ಲಿ ತೊಳೆದುಹೋಗಿ ಬೆಳ್ಳಗಾಗಿತ್ತು. ಅಷ್ಟು ಶುಭ್ರವಾಗಿ ಅದನ್ನು ನಾನು ಎಂದೂ ಕಂಡಿರಲಿಲ್ಲ. ಅಜ್ಜಿಯ ಸೊಸೆ ಅಳುತ್ತಲೇ ಅತ್ತೆಯ ಸೆರಗಿನ ಗಂಟು ಬಿಚ್ಚಿದಳು. ಒದ್ದೆ ಅಡಿಕೆಯ ಹೋಳು, ಹೊಗೆಸೊಪ್ಪಿನ ಚೂರು, ಕೆಂಪು ದಾರದ ಬೀಗದ ಕೈ. ಆ ಬೀಗದ ಕೈಯನ್ನು ತನ್ನ ಸೀರೆಗೆ ಒರೆಸಿ ನನಗೆ ಚಾಚಿದಳು.

"ತಗಳ್ಳಿ ಅಕ್ಕ, ನಿಮ್ಮುದು."

ಮಾರನೆಯ ದಿನವೇ ನನ್ನ ಗಂಡ ಎರಡೂ ಗೇಟು ಕಿತ್ತು ಹಾಕಿದರು. ಈಗ ನಾನೇ ಬರಿಗಾಲಲ್ಲಿ ಬದು ನಡೆಯುತ್ತೇನೆ. ಹತ್ತು ಬಿಲದಲ್ಲಿ ಆರು ನನ್ನ ಕಾಲಿಗೆ ಸಿಗುತ್ತವೆ, ಉಳಿದವು ಇನ್ನೂ ತಪ್ಪಿಹೋಗುತ್ತವೆ. ನನ್ನ ಮಗಳು ಉಸಿರು ಕಟ್ಟದೆ ಓಡುವ ಈ ನೆಲ ಆ ಕಾಲಿನ ಋಣದಲ್ಲಿದೆ. ತೀರಿಸುವ ದಾರಿ ನನಗೆ ತಿಳಿಯದು.

ಸೊಸೆ ದಿನಾ ಹುಲ್ಲಿಗೆ ಹೋಗುತ್ತಾಳೆ. "ಬದು ಮೇಲೆ ಬಾರಮ್ಮಾ, ಗೇಟಿಲ್ಲ" ಎಂದು ಕೂಗುತ್ತೇನೆ. ಅವಳು ತಿರುಗಿ ನೋಡದೆ ನಾಲೆ ಏರಿ ಹಿಡಿದೇ ಹೋಗುತ್ತಾಳೆ.