ಮಿಸ್ ವರ್ನಿಟಾ ಕೊಟ್ಟ ನಿಮಿಷಗಳು

ಬೆಳಿಗ್ಗೆ ಏಳು ಗಂಟೆಗೆ ಗ್ರಂಟ್ ಕೇ ದ್ವೀಪದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಒಲೆಯ ಮೇಲಿನ ಮೀನಿನ ಸಾರನ್ನು ಹಾಗೇ ಬಿಟ್ಟು ಹೆಂಗಸರು, ಕೇಳಲೂ ಗುಂಡಿ ಒತ್ತಿ ಮಾತಾಡಲೂ ಆಗುವ ರೇಡಿಯೊದ ಹತ್ತಿರ ಬರುತ್ತಿದ್ದರು. ಸಿಗಡಿಗೆ ಹೊರಟ ಗಂಡಸರು ದೋಣಿಯ ಎಂಜಿನ್ ನಿಲ್ಲಿಸಿ ಕಿವಿಗೊಡುತ್ತಿದ್ದರು. ಅದು ವರ್ನಿಟಾ ಪಿಂಡರ್ ಹವೆ ಹೇಳುವ ಹೊತ್ತು.

ವರ್ನಿಟಾ ಇಪ್ಪತ್ತಾರು ವರ್ಷ ಅಲ್ಲಿನ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿದವಳು. ಮದುವೆಯಾಗಲಿಲ್ಲ. ಕಚೇರಿ ಮುಚ್ಚಿದ ಮೇಲೆ ಗುಡ್ಡದ ಮೇಲಿನ ತನ್ನ ಮನೆಗೆ ಒಂದು ಕಂಪ್ಯೂಟರ್ ತಂದುಕೊಂಡು, ಮಾಡಿನ ಮೇಲೆ ಡಿಶ್ ಕೂರಿಸಿ, ಉಪಗ್ರಹ ತೆಗೆದ ಚಿತ್ರಗಳನ್ನು ನೋಡುವುದು ಕಲಿತಳು. ಆಫ್ರಿಕಾದ ಕಡೆಯಿಂದ ಹೊರಟ ಮೋಡದ ಮುದ್ದೆಯನ್ನು ಹತ್ತು ಹನ್ನೆರಡು ದಿನ ಬಿಡದೆ ಹಿಂಬಾಲಿಸುತ್ತಿದ್ದಳು. ಚಂಡಮಾರುತದ ಕಣ್ಣು, ಅಂದರೆ ನಡುವಿನ ಗಾಳಿಯಿಲ್ಲದ ತೂತು, ಚದುರಿದಂತೆ, ಮೋಡ ತುಂಬಿದಂತೆ ಕಂಡರೆ ಅವಳಿಗೆ ಸ್ವಲ್ಪ ಉಸಿರು ಬರುತ್ತಿತ್ತು. ಕೆಂಪು ಬಳೆಯೊಳಗೆ ಕೊರೆದಿಟ್ಟ ಹಾಗೆ ದುಂಡಗೆ ಕಪ್ಪಾಗಿ ಕಂಡರೆ ಅಂದು ಊಟ ಸೇರುತ್ತಿರಲಿಲ್ಲ.

ಕಣ್ಣಿನ ಮೇಲೆ ಅವಳಿಗೆ ಅಷ್ಟು ಗಮನ ಇದ್ದದ್ದಕ್ಕೆ ಕಾರಣವಿತ್ತು. ಅವಳಿಗೆ ಏಳು ವರ್ಷವಾಗಿದ್ದಾಗ ಒಂದು ಚಂಡಮಾರುತ ಬಂದಿತ್ತು. ಮಧ್ಯಾಹ್ನ ಗಾಳಿ ನಿಂತು ಬಿಸಿಲು ಬಂತು. ಮುಗಿಯಿತೆಂದುಕೊಂಡು ಅಪ್ಪ ದೋಣಿ ನೋಡಿಬರಲು ಹೋದರು. ಅದು ಮುಗಿದಿರಲಿಲ್ಲ. ದ್ವೀಪ ಕಣ್ಣಿನೊಳಗೆ ಬಂದಿತ್ತು, ಅಷ್ಟೇ. ಗಾಳಿ ಇನ್ನೊಂದು ದಿಕ್ಕಿನಿಂದ ತಿರುಗಿ ಬಂತು, ಅಪ್ಪ ತಿರುಗಿ ಬರಲಿಲ್ಲ.

ಅದಕ್ಕೇ ಅವಳು ನಿಮಿಷ ಲೆಕ್ಕ ಹಾಕುವುದನ್ನು ಕಲಿತದ್ದು. ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟು ಕಣ್ಣು ಎಷ್ಟು ಮೈಲಿ ಅಗಲವಿದೆ ಎಂದು ನೋಡುತ್ತಿದ್ದಳು. ಬಿರುಗಾಳಿ ಗಂಟೆಗೆ ಎಷ್ಟು ಮೈಲಿ ನಡೆಯುತ್ತಿದೆ ಎಂಬುದು ಗೊತ್ತಿರುತ್ತಿತ್ತು. ನಡುವಿನ ನೆಮ್ಮದಿ ಎಷ್ಟು ಹೊತ್ತು ಇರುತ್ತದೆಂದು ಅದರಿಂದ ಹೇಳಬಹುದಿತ್ತು. ಗ್ರಂಟ್ ಕೇಯವರಿಗೆ ಅದು ಬೇಕಾಗಿತ್ತು. ಮೊದಲ ಗಾಳಿಗೆ ಮನೆ ಮುರಿದವರು ಆ ಹೊತ್ತಿನಲ್ಲೇ ಮುದುಕರನ್ನು ಕಿತ್ತ ಬಾಗಿಲಿನ ಮೇಲೆ ಮಲಗಿಸಿಕೊಂಡು ಗುಡ್ಡದ ಚರ್ಚಿಗೆ ದಾಟುವುದು ರೂಢಿ. ಎರಡು ಚಂಡಮಾರುತಗಳಲ್ಲಿ ಅವಳ ಲೆಕ್ಕ ಮೂರು ನಾಲ್ಕು ನಿಮಿಷವೂ ಆಚೀಚೆಯಾಗಲಿಲ್ಲ.

"ಮಿಸ್ ವರ್ನಿಟಾ, ನಿಮ್ಮ ಕೈಗೆ ಪಟ್ಟಿ ಕೊಟ್ರೆ ಸ್ವರ್ಗದ ಬಾಗಿಲು ಎಷ್ಟಗಲ ಅಂತಾನೂ ಹೇಳ್ಬಿಡ್ತೀರ," ಎಂದು ಆಲ್ಫಿಯಸ್ ರೇಡಿಯೊದಲ್ಲಿ ಕಾಲೆಳೆಯುತ್ತಿದ್ದ. ಅವನು ಬಂದರಿನ ಪಕ್ಕದ ಮನೆಯವನು. ಕಡಲ ತಳದ ದೊಡ್ಡ ಸಿಗಡಿಗೆ ಮುಳುಗು ಹಾಕುವವನು.

"ಹೇಳ್ತೀನಿ ಕಣೋ. ನಿನ್ನ ಹೊಟ್ಟೆ ಅದ್ರಲ್ಲಿ ಹಿಡಿಸಲ್ಲ ಅಂತಾನೂ ಹೇಳ್ತೀನಿ."

ದ್ವೀಪವಿಡೀ ನಗುತ್ತಿತ್ತು.

ಮೂರನೆಯ ಚಂಡಮಾರುತದ ಹೆಸರು ಓರ್ಲಾ. ಆ ದಿನ ಬೆಳಿಗ್ಗೆ ಕಣ್ಣು ನಾಣ್ಯದಷ್ಟು ದುಂಡಗಿತ್ತು. ಹತ್ತೂ ನಲವತ್ತಕ್ಕೆ ಕೊನೆಯ ಚಿತ್ರ ಬಂತು, ಆಮೇಲೆ ಡಿಶ್ ಹಾರಿಹೋಯಿತು. ಕಣ್ಣಿನ ಅಗಲ ಹದಿನೈದು ಮೈಲಿ, ಬಿರುಗಾಳಿಯ ನಡಿಗೆ ಗಂಟೆಗೆ ಹದಿನೈದು ಮೈಲಿ. ವರ್ನಿಟಾ ಕಾಗದದ ಮೇಲೆ ಒಂದು ಗಂಟೆ ಎಂದು ಬರೆದು, ಎಚ್ಚರಿಕೆಗೆಂದು ಹತ್ತು ನಿಮಿಷ ಕಳೆದು, ಐವತ್ತರ ಸುತ್ತ ಗೆರೆ ಎಳೆದಳು.

ಮಧ್ಯಾಹ್ನದವರೆಗೂ ಉತ್ತರದ ಗಾಳಿ ಹೊಡೆಯಿತು. ಹನ್ನೆರಡೂ ಮುಕ್ಕಾಲಿಗೆ ಕಿವಿ ಗುಯ್ಯೆಂದು ಕಟ್ಟಿ ಬಿಟ್ಟಿತು. ಸದ್ದು ನಿಂತಿತು. ಅಂಗಳದಲ್ಲಿ ಸುಸ್ತಾದ ಕಡಲ ಹಕ್ಕಿಗಳು ರೆಕ್ಕೆ ಬಿಟ್ಟುಕೊಂಡು ಬಿದ್ದಿದ್ದವು.

"ಮಿಸ್ ವರ್ನಿಟಾ, ನಮ್ಮ ಮಾಡು ಹೋಯ್ತು," ರೇಡಿಯೊದಲ್ಲಿ ಆಲ್ಫಿಯಸ್. "ಅಮ್ಮನ್ನ ಬಾಗ್ಲ ಮೇಲೆ ಹಾಕೊಂಡಿದೀವಿ. ಎಷ್ಟಿದೆ?"

"ಐವತ್ತು ನಿಮಿಷ. ಇನ್ಮೇಲೆ ದಕ್ಷಿಣದ ಗಾಳಿ, ನೀರು ಬಂದರಿಗೇ ನುಗ್ಗುತ್ತೆ. ಹೊರಡು."

ಹನ್ನೆರಡು ನಿಮಿಷಕ್ಕೆ ಅವನು ಚರ್ಚಿನಿಂದ ಕೂಗಿದ. ಏದುಸಿರು ಬಿಡುತ್ತಿದ್ದ, ಆದರೂ ದನಿಯಲ್ಲಿ ಗೆಲುವಿತ್ತು. "ಅಮ್ಮ ಬಂದ್ಲು. ದಾರೀಲೆಲ್ಲ ನನಗೆ ಬೈಕೊಂಡೇ ಬಂದ್ಲು, ಅಂದ್ರೆ ಗಟ್ಟಿಯಾಗಿದಾಳೆ. ಎಷ್ಟು ಉಳೀತು?"

"ಮೂವತ್ತೆಂಟು."

"ಪಕ್ಕದ ಮನೆ ಲೂಸಿಯಸ್ ಮಾವ ಇನ್ನೂ ಅಲ್ಲೇ ಬಂದರಿನ ಹತ್ರ ಮೇಜಿನ ಕೆಳಗೆ ಕೂತವ್ರೆ. ಕಾಲಿಲ್ಲದವರನ್ನ ಹ್ಯಾಗೆ ಬಿಡೋದು? ಹೋಗಿ ಕರ್ಕೊಂಡು ಬರ್ತೀನಿ."

"ಹೋಗು, ಸಮಯ ಇದೆ," ಎಂದಳು ವರ್ನಿಟಾ.

ಇಪ್ಪತ್ತೆರಡನೆಯ ನಿಮಿಷಕ್ಕೆ ದಕ್ಷಿಣದಲ್ಲಿ ಲಾರಿಗಳ ಸಾಲು ಬಂದಂಥ ಸದ್ದು ಕೇಳಿತು. ಅವಳು ಗಡಿಯಾರ ನೋಡಿದಳು. ಗಡಿಯಾರ ಕೆಟ್ಟಿದೆ ಎಂದುಕೊಂಡಳು. ಆಮೇಲೆ ರೇಡಿಯೊ ಹಿಡಿದು "ಆಲ್ಫಿಯಸ್!" ಎಂದು ಕಿರುಚಿದಳು. ಓಡು ಅನ್ನಬೇಕೋ, ಇದ್ದಲ್ಲೇ ಇರು ಅನ್ನಬೇಕೋ ತಿಳಿಯಲಿಲ್ಲ. ಆ ಕಡೆಯಿಂದ ಗುಂಡಿ ಒತ್ತಿದ ಕಟಕ್ ಎಂಬ ಸದ್ದು ಬಂತು. ಮಾತು ಬರಲಿಲ್ಲ.

ನಾಲ್ಕನೆಯ ದಿನ ಇಬ್ಬರೂ ಸಿಕ್ಕರು. ಮುದುಕನ ತೋಳು ಆಲ್ಫಿಯಸ್‌ನ ಕೊರಳ ಸುತ್ತ ಇತ್ತು. ಬೆನ್ನ ಮೇಲೆ ಹೊತ್ತುಕೊಂಡು ಅರ್ಧ ದಾರಿ ಬಂದಿದ್ದ.

ವರ್ನಿಟಾಳನ್ನು ಯಾರೂ ಬೈಯಲಿಲ್ಲ. ದೇವರ ಗಡಿಯಾರವೇ ಬೇರೆ ಎಂದರು ಪಾದ್ರಿ. ಹೆಂಗಸರು ಬಟಾಣಿ ಅನ್ನ ತಂದಿಟ್ಟು ಬೆನ್ನು ಸವರಿ ಹೋದರು. ಅದು ಅವಳಿಗೆ ಇನ್ನಷ್ಟು ಭಾರವಾಯಿತು.

ಮೂರು ವಾರಕ್ಕೆ ಹೊಸ ಡಿಶ್ ಬಂತು. ಅವಳು ಆ ದಿನದ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಕಣ್ಣು ನಿಧಾನಕ್ಕೆ ಉತ್ತರಕ್ಕೆ ಸರಿದಿತ್ತು. ಗ್ರಂಟ್ ಕೇ ಅದರ ನಡುವಿನಲ್ಲಿ ಹಾಯದೆ ಕೆಳಗಿನ ಅಂಚನ್ನು ಸವರಿಕೊಂಡು ಹೋಗಿತ್ತು. ದುಂಡನೆಯ ರೊಟ್ಟಿಯನ್ನು ನಡುವೆ ಕೊಯ್ದರೆ ಗೆರೆ ಉದ್ದ, ಅಂಚಿನಲ್ಲಿ ಕೊಯ್ದರೆ ಗಿಡ್ಡ. ಇಷ್ಟೇ ವಿಷಯ. ಹಿಂದಿನ ಎರಡು ಸಲವೂ ನಡುವೇ ಹಾದಿತ್ತು, ಅದಕ್ಕೆ ಅವಳ ಕೈ ತಾನಾಗಿಯೇ ನಡುವನ್ನು ಅಳೆದಿತ್ತು. ಸರಿದ ಗುರುತು ಹತ್ತೂ ನಲವತ್ತರ ಚಿತ್ರದಲ್ಲೇ ಇತ್ತು. ಅವಳು ಅಗಲ ನೋಡಿದ್ದಳು, ದಾರಿ ನೋಡಿರಲಿಲ್ಲ.

ಆ ಸಂಜೆ ಆಲ್ಫಿಯಸ್‌ನ ತಾಯಿ ಐರಿಸ್ ಕೋಲೂರಿಕೊಂಡು ಗುಡ್ಡ ಹತ್ತಿ ಬಂದಳು. ಎಂಬತ್ತನಾಲ್ಕು ವರ್ಷದ ಹೆಂಗಸು. ಕೂತುಕೊಳ್ಳಲಿಲ್ಲ.

"ತೋರ್ಸು. ನನ್ನ ಮಗ ಎಲ್ಲಿದ್ದ?"

ವರ್ನಿಟಾ ಗುಂಡುಸೂಜಿಯ ತುದಿಯನ್ನು ಪರದೆಯ ಮೇಲಿಟ್ಟಳು. ದ್ವೀಪ ಆ ತುದಿಗಿಂತ ಸಣ್ಣದು. ಅಲ್ಲಿ ಮೋಡದ ಬಿಳುಪು ಬಿಟ್ಟರೆ ಏನೂ ಇರಲಿಲ್ಲ.

"ತಪ್ಪು ನಂದೇ ಐರಿಸಮ್ಮ. ಇಪ್ಪತ್ತು ಅನ್ನಬೇಕಿತ್ತು."

"ಇಪ್ಪತ್ತು ಅಂದಿದ್ರೆ ಅವನು ನನ್ನ ಪಕ್ಕ ಕೂತಿರ್ತಿದ್ದ," ಎಂದಳು ಐರಿಸ್. "ಲೂಸಿಯಸ್‌ಗೋಸ್ಕರ ಅತ್ಕೊಂಡು ಕೂತಿರ್ತಿದ್ದ. ಆದ್ರೆ ಇರ್ತಿದ್ದ."

"ಹೌದು."

"ಬೇರೆಯವ್ರು ನಿನಗೆ ಇದನ್ನ ಹೇಳಲ್ಲ. ನಾನು ಹೇಳೋಕೇ ಬಂದೆ." ಹಾಗೆಂದು ಇಳಿದು ಹೋದಳು.

ಮರುದಿನ ಏಳು ಗಂಟೆಗೆ ರೇಡಿಯೊದಲ್ಲಿ ವರ್ನಿಟಾ ತನ್ನ ತಪ್ಪು ಎಲ್ಲಿ ಆಯಿತೆಂದು, ರೊಟ್ಟಿಯ ಮಾತನ್ನೂ ಸೇರಿಸಿ, ಇಡೀ ದ್ವೀಪಕ್ಕೆ ಹೇಳಿದಳು. ಹವೆ ಹೇಳುವುದನ್ನು ಅವಳು ನಿಲ್ಲಿಸಲಿಲ್ಲ. ಅವಳಲ್ಲದೆ ಹೇಳುವವರು ಇನ್ನೊಬ್ಬರಿರಲಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಇನ್ನೊಂದು ಕಣ್ಣು ಅವರ ಕಡೆಗೇ ತಿರುಗಿತು. ಚಿಕ್ಕದು, ದುಂಡಗಿನದು. ಐರಿಸ್ ಈಗ ಚರ್ಚಿನ ಕೋಣೆಯಲ್ಲೇ ವಾಸವಾಗಿದ್ದಳು. ಮಗನ ಹಳೆಯ ರೇಡಿಯೊ ಅವಳ ಮಡಿಲಲ್ಲಿತ್ತು. ಬಂದರಿನಿಂದ ಯಾರೋ ಕೇಳಿದರು, "ಮಿಸ್ ವರ್ನಿಟಾ, ಕಣ್ಣು ಮೇಲೆ ಬಂದ್ರೆ ಎಷ್ಟು ನಿಮಿಷ ಸಿಗುತ್ತೆ?"

ವರ್ನಿಟಾ ಪಟ್ಟಿ ಇಟ್ಟು ಅಗಲ ಅಳೆದಳು. ಆಮೇಲೆ ದಾರಿಯನ್ನು ಮೂರು ಸಲ ಎಳೆದಳು. ಮೂರೂ ಗೆರೆ ಬೇರೆ ಬೇರೆ ಕಡೆ ಹೋದವು.

"ನನಗೆ ಗೊತ್ತಿಲ್ಲ," ಎಂದಳು. "ನಿಮಿಷ ಕೊಡಲ್ಲ. ಗಾಳಿ ಶುರುವಾಗೋ ಮುಂಚೆ ಎಲ್ರೂ ಈಗ್ಲೇ ಮೇಲೆ ಚರ್ಚಿಗೆ ಬನ್ನಿ."

"ಈಗ್ಲಾ? ಬಿಸಿಲು ಹೊಡೀತಿದೆ! ಮನೆ ಸಾಮಾನು ಕಟ್ಟೋದು ಬೇಡ್ವಾ?"

ರೇಡಿಯೊದಲ್ಲಿ ಗೊಣಗಾಟ ಎದ್ದಿತು. ಅದರ ನಡುವೆ ಗುಂಡಿ ಒತ್ತಿದ ಕಟಕ್ ಎಂಬ ಸದ್ದು. ಐರಿಸ್‌ಳ ದನಿ ಬಂತು.

"ಗೊತ್ತಿಲ್ಲ ಅಂದ್ಲಲ್ಲ, ಕೇಳಿಸ್ಲಿಲ್ವಾ? ಬನ್ನಿ ಮೇಲೆ."

ವರ್ನಿಟಾ ಕಿಟಕಿಯ ಹತ್ತಿರ ಹೋಗಿ ನಿಂತಳು. ಕೆಳಗೆ ಬಂದರಿನ ರಸ್ತೆಯಲ್ಲಿ ಬಹಳ ಹೊತ್ತು ಯಾರೂ ಕಾಣಲಿಲ್ಲ. ಆಮೇಲೆ ಒಂದು ಬಾಗಿಲು ತೆರೆಯಿತು.